ರೀಲಿನ ಕಾಲದ ಗಾಜು, ಲಿಂಬೆ ಎಲೆಯ ಹುಳು

ಲಿಂಬೆಯ ಎಳೆ ಚಿಗುರಿನ ಮೇಲೆ ಲಿಂಬೆ ಚಿಟ್ಟೆ ಇಡುವ ಮೊಟ್ಟೆ ಸುಮಾರು ಒಂದು ಮಿಲಿಮೀಟರ್ ಗಾತ್ರದ್ದು. ತಿಳಿ ಹಳದಿ, ದುಂಡಗೆ, ಒಂಟಿಯಾಗಿ ಅಂಟಿಕೊಂಡಿರುತ್ತದೆ. ಅದೇ ಚಿಗುರಿನ ತುದಿಯಲ್ಲಿ ಸಿಲ್ಲಾ ಎಂಬ ಕಂದು ಹುಳು ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಓರೆಯಾಗಿ ಕುಳಿತಿರುತ್ತದೆ. ಅದರ ಉದ್ದ ಮೂರರಿಂದ ನಾಲ್ಕು ಮಿಲಿಮೀಟರ್. ಎಲೆಯ ಪೊರೆಯೊಳಗೆ ಸುರಂಗ ಕೊರೆದು ಬೆಳ್ಳಿಯ ಬಣ್ಣದ ಸೊಟ್ಟ ಗೆರೆ ಬಿಡುವ ಮರಿಹುಳು ಇನ್ನೂ ಚಿಕ್ಕದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ, ಇಂಡಿಯಲ್ಲಿ ಲಿಂಬೆಗಾಗಿಯೇ ಒಂದು ಅಭಿವೃದ್ಧಿ ಮಂಡಳಿ ಇದೆ, ಭೀಮೆಯ ದಂಡೆಯ ಅಗರಖೇಡದ ಕಡೆಯ ರೈತನಿಗೆ ಗಿಡದ ಒಂದೊಂದು ಕೊಂಬೆಯ ಗುರುತಿದೆ. ಆದರೆ ಆ ಗಿಡದ ಮೇಲೆ ಬದುಕುವ ಈ ಸಣ್ಣ ಜೀವಗಳ ಮುಖವನ್ನು ಕಂಡವರು ಕಡಿಮೆ. ಸಿಲ್ಲಾದ ಕಣ್ಣು ಯಾವ ಬಣ್ಣದ್ದು, ಅದರ ಮರಿ ಬಿಡುವ ಬಿಳಿ ಮೇಣದ ಎಳೆ ಎಷ್ಟು ಸುರುಳಿ ಸುತ್ತಿರುತ್ತದೆ, ಚಿಟ್ಟೆಯ ಮೊಟ್ಟೆಯೊಡೆದು ಬಂದ ಹುಳು ಮೊದಲು ಹಕ್ಕಿಯ ಹಿಕ್ಕೆಯ ವೇಷ ಹಾಕಿ ಆಮೇಲೆ ಹಸಿರಾಗುವುದು ಹೇಗೆ, ಮುಟ್ಟಿದರೆ ತಲೆಯ ಹಿಂದಿನಿಂದ ಹೊರಬರುವ ಕೆಂಪು ಕವಲು ಹೇಗಿರುತ್ತದೆ: ಇವೆಲ್ಲ ಕ್ಯಾಮೆರಾದಿಂದ ನೋಡಬಹುದಾದ ಸಂಗತಿಗಳು. ಆ ಕ್ಯಾಮೆರಾಕ್ಕೆ ಬೇಕಾದದ್ದು ಮ್ಯಾಕ್ರೋ ಲೆನ್ಸು.

ಹೆಸರಾಂತ ಕಂಪನಿಯ ನೂರು ಮಿಲಿಮೀಟರಿನ ಹೊಸ ಮ್ಯಾಕ್ರೋ ಲೆನ್ಸು ಅರ್ಧ ಲಕ್ಷ ರೂಪಾಯಿ ದಾಟುತ್ತದೆ. ಅದು ಬರೀ ಲೆನ್ಸಿನ ಮಾತು. ಕ್ಯಾಮೆರಾ, ಫ್ಲ್ಯಾಶು ಬೇರೆ. ಲಿಂಬೆ ಧಾರಣೆ ಬಿದ್ದ ವರ್ಷ ಅಷ್ಟು ಹಣವನ್ನು ಹುಳುವಿನ ಫೋಟೋಕ್ಕೆ ಹಾಕುತ್ತೇನೆಂದರೆ ಮನೆಯಲ್ಲಿ ಒಪ್ಪುವವರು ಯಾರು? ಅಲ್ಲಿಂದ ಶುರುವಾಗುತ್ತದೆ ಹಳೆಯ ಸಾಮಾನಿನ ಹುಡುಕಾಟ. ಇದನ್ನು ಹಣವಿಲ್ಲದವರ ಅನಿವಾರ್ಯತೆ ಎಂದಷ್ಟೇ ತಿಳಿಯುವುದು ತಪ್ಪು. ಇದು ಕಲಿತು ಮಾಡುವ ಕೆಲಸ. ಗಾಜು, ಲೋಹ, ಹವೆ, ಲೆಕ್ಕ, ಮನುಷ್ಯರ ಮನಸ್ಸು ಇಷ್ಟನ್ನೂ ಬಲ್ಲವರು ಮಾತ್ರ ಇದನ್ನು ಚೆನ್ನಾಗಿ ಮಾಡುತ್ತಾರೆ. ಅಂಥವರ ಕೈಯಲ್ಲಿ ಒಂದು ಹಳೆಯ ಲೆನ್ಸು ತಿರುಗುವುದನ್ನು ನೋಡುವುದೇ ಒಂದು ಪಾಠ.

ಮ್ಯಾಕ್ರೋ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಮದುವೆ ಮನೆಗಳಲ್ಲಿ ಈಚಿನವರೆಗೆ ಹೆಚ್ಚಾಗಿ ಕಾಣುತ್ತಿದ್ದ ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಸೆನ್ಸರ್ ಸುಮಾರು 23 ಮಿಲಿಮೀಟರ್ ಅಗಲ. ಹೊರಗಿರುವ ಒಂದು ಮಿಲಿಮೀಟರ್ ಸೆನ್ಸರಿನ ಮೇಲೂ ಒಂದು ಮಿಲಿಮೀಟರಾಗಿಯೇ ಬಿದ್ದರೆ ಅದು ಒಂದಕ್ಕೊಂದು ಅಳತೆ. ಆಗ ಫೋಟೋದ ಅಗಲದಲ್ಲಿ ಹಿಡಿಯುವುದು 23 ಮಿಲಿಮೀಟರಿನ ಜಗತ್ತು ಮಾತ್ರ. ಸಿಲ್ಲಾ ಆ ಅಗಲದ ಆರನೆಯ ಒಂದು ಪಾಲಿನಷ್ಟು ಕಾಣುತ್ತದೆ. ಚಿಟ್ಟೆಯ ಮೊಟ್ಟೆ ಇಪ್ಪತ್ತಮೂರನೆಯ ಒಂದು ಪಾಲು. ಮೊಟ್ಟೆಯ ಮೇಲ್ಮೈಯ ಕುಸುರಿ ಕಾಣಬೇಕಾದರೆ ನಾಲ್ಕು ಪಟ್ಟಾದರೂ ಹಿಗ್ಗಿಸಬೇಕು. ಕ್ಯಾಮೆರಾದ ಜೊತೆ ಬರುವ 18–55 ಕಿಟ್ ಲೆನ್ಸು ಒಂದಕ್ಕೊಂದು ಅಳತೆಯ ಹತ್ತಿರಕ್ಕೂ ಹೋಗುವುದಿಲ್ಲ.

ಈಗ ಈ ಹುಡುಕಾಟದ ತಿರುಳಿಗೆ ಬರುತ್ತೇನೆ. ಹಳೆಯ ಲೆನ್ಸೊಂದು ಮೂಲೆ ಸೇರಲು ಕಾರಣಗಳು ಏನು? ಅದಕ್ಕೆ ಆಟೋಫೋಕಸ್ ಇಲ್ಲ. ಅದು ಎಷ್ಟೋ ಸಲ ಇವತ್ತಿನ ಕ್ಯಾಮೆರಾಕ್ಕೆ ನೇರವಾಗಿ ಕೂಡುವುದಿಲ್ಲ. ಕೂಡಿಸಿದರೂ ಕೆಲವು ಕ್ಯಾಮೆರಾಗಳಲ್ಲಿ ದೂರದ ಬೆಟ್ಟ ಸ್ಪಷ್ಟವಾಗಿ ಮೂಡುವುದಿಲ್ಲ. ಕ್ಯಾಮೆರಾ ಅದರ ಅಪರ್ಚರನ್ನು, ಎಂದರೆ ಬೆಳಕು ಹಾಯುವ ಕಂಡಿಯ ಅಗಲವನ್ನು, ಬದಲಿಸಲಾರದು. ಕೈ ನಡುಗಿದರೆ ತಡೆಯುವ ಯಂತ್ರ ಅದರೊಳಗಿಲ್ಲ. ಮದುವೆ ಫೋಟೋ ತೆಗೆಯುವವರಿಗೆ ಇವುಗಳಲ್ಲಿ ಒಂದು ಕೊರತೆ ಇದ್ದರೂ ಸಾಕು, ಲೆನ್ಸು ನಿರುಪಯೋಗಿ.

ಆದರೆ ಹುಳುವಿನ ಮುಂದೆ ಕುಳಿತವರಿಗೆ ಈ ಕೊರತೆಗಳಲ್ಲಿ ಒಂದೂ ತಾಗುವುದಿಲ್ಲ. ಒಂದಕ್ಕೊಂದು ಅಳತೆಯಲ್ಲಿ ಎಫ್8ಕ್ಕೆ ಇಟ್ಟರೂ ಸ್ಪಷ್ಟವಾಗಿ ಮೂಡುವ ಪದರ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅಲ್ಲಿ ಆಟೋಫೋಕಸ್ ಒದ್ದಾಡುತ್ತದೆ. ಬಲ್ಲವರು ಅದನ್ನು ಬಂದ್ ಮಾಡಿ, ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಕಣ್ಣಿಗೆ ಫೋಕಸ್ ಕೂಡಿಸುತ್ತಾರೆ. ದೂರದ ಬೆಟ್ಟ ಯಾರಿಗೂ ಬೇಕಿಲ್ಲ. ಅಪರ್ಚರನ್ನು ಲೆನ್ಸಿನ ಉಂಗುರದಲ್ಲಿ ಕೈಯಿಂದಲೇ ತಿರುಗಿಸಿ ಇಟ್ಟರೆ ದಿನವಿಡೀ ಅದೇ ಸಾಕು. ಬೆಳಕು ಫ್ಲ್ಯಾಶಿನದು. ಕಡಿಮೆ ಶಕ್ತಿಗೆ ಇಟ್ಟ ಫ್ಲ್ಯಾಶು ಸೆಕೆಂಡಿನ ಹಲವು ಸಾವಿರದಲ್ಲೊಂದು ಪಾಲು ಮಾತ್ರ ಮಿಂಚುವುದರಿಂದ ಕೈಯ ನಡುಕವೂ ಫೋಟೋದಲ್ಲಿ ಉಳಿಯುವುದಿಲ್ಲ. ಪೇಟೆ ಯಾವ ಕಾರಣಕ್ಕೆ ಬೆಲೆ ಇಳಿಸಿತೋ ಆ ಕಾರಣ ಇವರಿಗೆ ಅನ್ವಯವಾಗುವುದಿಲ್ಲ. ಛಾಯಾಗ್ರಹಣದ ಬೇರೆ ಯಾವ ಕವಲಿನಲ್ಲೂ ಹಳೆಯ ಗಾಜಿಗೆ ಇಷ್ಟು ನ್ಯಾಯ ಸಿಗಲಾರದು ಎಂಬುದು ನನ್ನ ನಂಬಿಕೆ.

ಗಾಜಿನ ಗುಣಮಟ್ಟದ ವಿಷಯಕ್ಕೆ ಬಂದರೆ, ಹತ್ತಿರದ ವಸ್ತುವಿಗಾಗಿ ಮಾಡಿದ ಹಳೆಯ ಲೆನ್ಸುಗಳು ಇವತ್ತಿಗೂ ತಲೆತಗ್ಗಿಸುವಂಥವಲ್ಲ. ನಿಕಾನ್ ಕಂಪನಿಯ ಮೈಕ್ರೋ-ನಿಕ್ಕೋರ್ ಲೆನ್ಸಿನ ಹುಟ್ಟು ನನಗೆ ಬಹಳ ಇಷ್ಟವಾದ ಕಥೆ. 1950ರ ದಶಕದಲ್ಲಿ ಜಪಾನಿನಲ್ಲಿ ದಾಖಲೆಗಳನ್ನೂ ಪುಸ್ತಕಗಳನ್ನೂ ಮೈಕ್ರೋಫಿಲ್ಮಿಗೆ ಇಳಿಸುವ ಕೆಲಸ ನಡೆದಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಲೆನ್ಸುಗಳು ಹತ್ತಾರು ಗೆರೆಗಳು ಒತ್ತಾಗಿ ಕೂಡಿದ ಜಪಾನಿ ಲಿಪಿಗೆ ಸಾಲಲಿಲ್ಲ. ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಆ ಲಿಪಿಯನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲ ಲೆನ್ಸು ಬೇಕೆಂದು 1956ರಲ್ಲಿ 5 ಸೆಂಟಿಮೀಟರಿನ ಎಫ್3.5 ಮೈಕ್ರೋ-ನಿಕ್ಕೋರ್ ಬಂತು. 1961ರಿಂದ ಅದರ ಸಂತತಿ ನಿಕಾನ್ ಎಫ್ ಕ್ಯಾಮೆರಾಕ್ಕೂ 55 ಮಿಲಿಮೀಟರ್ ಆಗಿ ಬಂದು, ಎಫ್3.5, ಆಮೇಲೆ ಎಫ್2.8 ಎಂದು ದಶಕಗಳ ಕಾಲ ನಡೆಯಿತು. ಕಾಗದದ ಮೇಲಿನ ಗೆರೆಗಳನ್ನು ಬಿಡಿಸಲು ಹುಟ್ಟಿದ ಗಾಜು ಸಿಲ್ಲಾದ ರೆಕ್ಕೆಯ ನರಗಳನ್ನೂ ಬಿಡಿಸುತ್ತದೆ. ಈ 55 ಒಂದಕ್ಕೆರಡು ಅಳತೆಯವರೆಗೆ, ಎಂದರೆ ಅರ್ಧ ಗಾತ್ರದವರೆಗೆ, ತಾನಾಗಿಯೇ ಹೋಗುತ್ತದೆ. ಪೂರ್ತಿ ಗಾತ್ರಕ್ಕೆ 27.5 ಮಿಲಿಮೀಟರ್ ಉದ್ದದ ಖಾಲಿ ಕೊಳವೆಯೊಂದನ್ನು ಹಿಂದೆ ಸೇರಿಸಬೇಕು. 27.5 ಎಂದರೆ 55ರ ಸರಿ ಅರ್ಧ.

ಆ ಲೆಕ್ಕವೇ ಈ ಕಸುಬಿನ ಮಗ್ಗಿ. ಲೆನ್ಸನ್ನು ಕ್ಯಾಮೆರಾದಿಂದ ಎಷ್ಟು ದೂರ ಸರಿಸುತ್ತೀರೋ ಅದನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಸಿಗುವುದೇ ಹಿಗ್ಗುವ ಅಳತೆ. ಐವತ್ತರ ಲೆನ್ಸಿಗೆ ಐವತ್ತು ಮಿಲಿಮೀಟರ್ ಕೊಳವೆ ಹಾಕಿದರೆ ಒಂದಕ್ಕೊಂದು. 12, 20, 36 ಮಿಲಿಮೀಟರಿನ ಮೂರು ಕೊಳವೆಗಳ ಸೆಟ್ಟು ಕೂಡಿದರೆ 68 ಆಗುತ್ತದೆ. ಒಳಗೆ ಗಾಜೇ ಇಲ್ಲದ ಈ ಕೊಳವೆಗಳಲ್ಲಿ ಕೆಡುವುದು ಏನೂ ಇಲ್ಲ. ಬಿದ್ದು ಸೊಟ್ಟಾಗಿರದಿದ್ದರೆ, ಒಳಗಿನ ಕಪ್ಪು ಬಣ್ಣ ಕಿತ್ತು ಹೊಳೆಯದಿದ್ದರೆ, ಎಷ್ಟು ಹಳೆಯದಾದರೂ ಕಣ್ಣು ಮುಚ್ಚಿ ಕೊಳ್ಳಬಹುದು. ವಿದ್ಯುತ್ ಸಂಪರ್ಕವಿಲ್ಲದ ಸಾದಾ ಕೊಳವೆಗಳು ಹೊಸದೇ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಅಪರ್ಚರ್ ಉಂಗುರವಿರುವ ಹಳೆಯ ಲೆನ್ಸಿಗೆ ಅಷ್ಟೇ ಸಾಕು.

ಇನ್ನು ಹುಡುಕುವ ಜಾಗ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ಊರುಗಳ ಪೇಟೆಗಳಲ್ಲಿ ಫೋಟೋ ಸ್ಟುಡಿಯೋ ಇಟ್ಟವರು ರೀಲಿನ ಕಾಲವನ್ನು ಕಂಡವರು. ಹಾಲ್‌ಟಿಕೆಟ್ಟಿನ ಫೋಟೋ, ಲಗ್ನದ ಆಲ್ಬಮ್ಮು, ತೀರಿಕೊಂಡ ಹಿರಿಯರ ದೊಡ್ಡ ಫೋಟೋ ಎಲ್ಲವೂ ಅವರ ಕತ್ತಲ ಕೋಣೆಯಲ್ಲೇ ತೊಳೆದು ಬರುತ್ತಿದ್ದವು. ಕಲರ್ ಲ್ಯಾಬು ಬಂದು ಕತ್ತಲ ಕೋಣೆ ಮುಚ್ಚಿತು. ಡಿಜಿಟಲ್ ಬಂದು ರೀಲೂ ಹೋಯಿತು. 2012ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆದರೆ ಸ್ಟುಡಿಯೋದವರು ಸಾಮಾನನ್ನು ಸುಲಭಕ್ಕೆ ಎಸೆಯುವವರಲ್ಲ. ಅನ್ನ ಕೊಟ್ಟ ವಸ್ತು ಅದು. ಅಟ್ಟದ ಮೇಲೆ, ಟ್ರಂಕಿನಲ್ಲಿ, ಬ್ಯಾಕ್‌ಡ್ರಾಪ್ ಪರದೆಯ ಹಿಂದೆ ಇಟ್ಟಿರುತ್ತಾರೆ. ಅಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಕಾಕಾ, ಹಳೇ ಕ್ಯಾಮೆರಾದ ಸಾಮಾನ ಏನರ ಉಳದಾವೇನ್ರಿ?"

"ಅವ್ನ ತಗೊಂಡು ಏನ್ ಮಾಡ್ತಿಯೋ ತಮ್ಮಾ? ರೀಲಿನ ಕಾಲದ್ದು ಅವು."

"ಹುಳದ ಫೋಟೋ ತೆಗೀಬೇಕ್ರಿ ಕಾಕಾ. ಲಿಂಬಿ ಗಿಡದಾಗಿನ ಹುಳ."

ಈ ಮೂರನೆಯ ಮಾತನ್ನು ಹೇಳುವುದೋ ಬಚ್ಚಿಡುವುದೋ ಎಂಬಲ್ಲಿ ಕೊಳ್ಳುವವರಲ್ಲಿ ಎರಡು ಪಂಥ. ಉಪಯೋಗ ಹೇಳಿದರೆ ಬೆಲೆ ಏರುತ್ತದೆ ಎನ್ನುವವರು ಇದ್ದಾರೆ. ನಾನು ಹೇಳುವವರ ಪಂಥ. ನಲವತ್ತು ವರ್ಷ ಕತ್ತಲಲ್ಲಿ ನಿಂತು ಕೆಲಸ ಮಾಡಿದ ಹಿರಿಯರಿಗೆ ತಮ್ಮ ಲೆನ್ಸು ಮತ್ತೆ ಬೆಳಕು ಕಾಣುತ್ತದೆ ಎಂದು ತಿಳಿದರೆ ಟ್ರಂಕಿನ ತಳದಲ್ಲಿರುವುದೂ ಮೇಲೆ ಬರುತ್ತದೆ. ಅದನ್ನು ಹೇಗೆ ಬಳಸುತ್ತಿದ್ದರು, ಯಾವಾಗ ಬಿದ್ದಿತ್ತು, ಯಾರು ಬಿಚ್ಚಿ ರಿಪೇರಿ ಮಾಡಿದ್ದರು ಎಂಬ ಚರಿತ್ರೆಯೂ ಬರುತ್ತದೆ. ಆ ಚರಿತ್ರೆಯ ಬೆಲೆ ದೊಡ್ಡದು. ನ್ಯಾಯವಾದ ಹಣ ಕೊಟ್ಟು, ತೆಗೆದ ಮೊದಲ ಫೋಟೋವನ್ನು ಅವರಿಗೆ ತೋರಿಸುವುದು ಕೊಳ್ಳುವವರ ಮರ್ಯಾದೆ.

ಆ ಟ್ರಂಕಿನಲ್ಲಿ ನಿಜವಾದ ಮ್ಯಾಕ್ರೋ ಲೆನ್ಸು ಸಿಗುವುದು ಅಪರೂಪ. ಸಿಗುವುದು ಐವತ್ತರ ಸಾದಾ ಲೆನ್ಸುಗಳು: ಪೆಂಟಾಕ್ಸ್ ಕೆ1000, ಯಾಷಿಕಾ ಎಫ್‌ಎಕ್ಸ್-3ರಂಥ ಕ್ಯಾಮೆರಾಗಳ ಜೊತೆ ಬಂದವು, ರಷ್ಯದ ಜೆನಿಟ್ ಕ್ಯಾಮೆರಾದ ಜೊತೆ ಬಂದ 58 ಮಿಲಿಮೀಟರಿನ ಹೀಲಿಯೋಸ್. ಬಲ್ಲವರ ಕಣ್ಣು ಅವನ್ನು ದಾಟಿ ಎನ್ಲಾರ್ಜರಿನ ತಲೆಯ ಕಡೆ ಹೋಗುತ್ತದೆ. ನೆಗೆಟಿವಿನಿಂದ ಕಾಗದಕ್ಕೆ ಚಿತ್ರ ಹಿಗ್ಗಿಸುತ್ತಿದ್ದ ಆ ಯಂತ್ರದ ಕೆಳಗೆ ಬೆರಳುದ್ದದ ಪುಟ್ಟ ಲೆನ್ಸೊಂದು ಇರುತ್ತದೆ. ಸ್ಟುಡಿಯೋದವರಿಗೆ ಅದು ಲೆನ್ಸೆಂಬ ನೆನಪೂ ಉಳಿದಿರುವುದಿಲ್ಲ, ಯಂತ್ರದ ಒಂದು ಭಾಗ ಅಷ್ಟೇ. ಆದರೆ ಮೊದಲಿನಿಂದಲೂ ಅದು ಹತ್ತಿರದ ಕೆಲಸಕ್ಕಾಗಿ ಮಾಡಿದ ಗಾಜು. ಸಪಾಟಾದ ನೆಗೆಟಿವನ್ನು ಸಪಾಟಾದ ಕಾಗದದ ಮೇಲೆ ಮೂಲೆಯಿಂದ ಮೂಲೆಗೆ ಸಮನಾಗಿ ಮೂಡಿಸಬೇಕಿತ್ತು ಅದು. ನಿಕಾನಿನ ಎಲ್-ನಿಕ್ಕೋರ್ 50 ಎಫ್2.8 ಈ ಜಾತಿಯ ಹೆಸರುವಾಸಿ. ಇಂಥ ಲೆನ್ಸುಗಳಲ್ಲಿ ಬಹುಪಾಲಿನ ಹಿಂದಿನ ತಿರುಪಿನ ಮರೆ 39 ಮಿಲಿಮೀಟರಿನದು. ಅದರಿಂದ 42ಕ್ಕೆ ಹೋಗುವ ತೆಳ್ಳನೆಯ ಉಂಗುರ, 42ರ ಕೊಳವೆಗಳು, ಕೊನೆಗೆ ಕ್ಯಾಮೆರಾದ ಅಡಾಪ್ಟರ್ ಇಷ್ಟಿದ್ದರೆ ಕೂಡಿತು. ಉಂಗುರ ಸಿಗದಿದ್ದರೆ ಲೇತ್ ಮಷಿನ್ ಇರುವ ವರ್ಕ್‌ಶಾಪಿಗೆ ಅಳತೆ ಬರೆದು ಕೊಡುತ್ತಾರೆ. ಪಂಪ್‌ಸೆಟ್ಟಿನ ಶಾಫ್ಟು ಕಡೆಯುವ ಕೈಗೆ ಅಲ್ಯೂಮಿನಿಯಂ ಉಂಗುರ ಕಷ್ಟವಲ್ಲ, ಆದರೆ ಮರೆಯ ಅಂತರ 39ಕ್ಕೂ 42ಕ್ಕೂ ಬೇರೆ ಇರಬಹುದು ಎಂಬುದನ್ನು ಮೊದಲೇ ತಿಳಿಸಿರಬೇಕು. ಎಂ42 ಎನ್ನುವ 42ರ ಮರೆಯ ಅಂತರ ಒಂದು ಮಿಲಿಮೀಟರ್. ಎಂ39ಕ್ಕೆ ಕಣ್ಣಳತೆ ಬೇಡ, ಲೆನ್ಸನ್ನೇ ಕೈಗೆ ಕೊಟ್ಟು ಬರುವುದು ಕ್ಷೇಮ.

ಲೆನ್ಸು ಕೈಗೆ ಬಂದಾಗ ಅದನ್ನು ಪರೀಕ್ಷಿಸುವ ಬಗೆ ನೋಡಬೇಕು. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ರೈತನ ಗಾಂಭೀರ್ಯವೇ ಅಲ್ಲೂ ಇರುತ್ತದೆ. ಮೊದಲು ಬೆಲೆ ಕೇಳುವುದಿಲ್ಲ. ಅಪರ್ಚರನ್ನು ಪೂರ್ತಿ ತೆರೆದು, ಮೊಬೈಲಿನ ಟಾರ್ಚನ್ನು ಒಂದು ಬದಿಯಿಂದ ಹಾಯಿಸಿ ಇನ್ನೊಂದು ಬದಿಯಿಂದ ನೋಡುತ್ತಾರೆ. ನೇರವಾಗಿ ನೋಡುವುದಿಲ್ಲ, ಲೆನ್ಸನ್ನು ಓರೆ ಮಾಡಿ ಬೆಳಕು ಒಳಗಿನ ಒಂದೊಂದೇ ಗಾಜನ್ನು ಸವರಿಕೊಂಡು ಹೋಗುವಂತೆ ಮಾಡುತ್ತಾರೆ. ಆಗ ಕಾಣುವ ಬಿಡಿ ಚುಕ್ಕೆಗಳು ಧೂಳು. ಧೂಳಿನಿಂದ ಫೋಟೋಕ್ಕೆ ಏನೂ ಆಗದು, ಬೆಲೆ ಇಳಿಸಲು ಮಾತ್ರ ಉಪಯೋಗ. ಬಿಳಿ ಬೇರಿನ ಹಾಗೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಇಡೀ ಗಾಜು ಹಾಲು ಬೆರೆಸಿದ ನೀರಿನ ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಗ್ರೀಸು ಆವಿಯಾಗಿ ಮೆತ್ತಿದೆ ಎಂದರ್ಥ. ಅಂಚಿನಿಂದ ಒಳಕ್ಕೆ ಬಂದ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ. ಅದನ್ನು ಸರಿಪಡಿಸುವ ಖರ್ಚು ಲೆನ್ಸಿನ ಬೆಲೆಯನ್ನು ಮೀರುತ್ತದೆ, ಕೈಮುಗಿದು ವಾಪಸ್ ಕೊಡುವುದೇ ಸರಿ.

ಗೀರುಗಳ ವಿಷಯದಲ್ಲಿ ಹೊಸಬರು ಮುಂದಿನ ಗಾಜನ್ನು ನೋಡಿ ಹೌಹಾರುತ್ತಾರೆ. ಮುಂದಿನ ಗಾಜಿನ ಸಣ್ಣ ಗೀರು ಅಷ್ಟೇನೂ ತೊಂದರೆ ಕೊಡದು. ಹಿಂದಿನ ಗಾಜಿನ ಗೀರು ಅದಕ್ಕಿಂತ ಕೆಟ್ಟದ್ದು. ಲೆನ್ಸನ್ನು ತಿರುಗಿಸಿ ಹಾಕುವ ಯೋಚನೆ ಇದ್ದರೆ ಹಿಂದಿನ ಗಾಜೇ ಮುಂದಿನದಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಅಪರ್ಚರಿನ ಎಲೆಗಳು. ಅವು ಒಣಗಿರಬೇಕು, ಚಟ್ಟನೆ ಮುಚ್ಚಿ ತೆರೆಯಬೇಕು. ಎಣ್ಣೆಯ ಹೊಳಪು ಕಂಡರೆ ಗ್ರೀಸು ಕರಗಿ ಇಳಿದಿದೆ. 55 ಎಫ್2.8 ಮೈಕ್ರೋ-ನಿಕ್ಕೋರಿಗೆ ಇದು ಎಲ್ಲರೂ ಬಲ್ಲ ಕಾಯಿಲೆ. ಮದುವೆಯ ಫೋಟೋಗ್ರಾಫರಿಗೆ ಇದು ಗಂಡಾಂತರ, ಎಲೆಗಳು ನಿಧಾನವಾಗಿ ಮುಚ್ಚಿದರೆ ಫೋಟೋ ಬಿಳಿಚುತ್ತದೆ. ಮ್ಯಾಕ್ರೋದವರು ಎಲೆಗಳನ್ನು ಮೊದಲೇ ಮುಚ್ಚಿ ಇಟ್ಟು ಫೋಟೋ ತೆಗೆಯುವುದರಿಂದ, ಎಣ್ಣೆ ಗಾಜಿಗೆ ಹರಡಿರದಿದ್ದರೆ, ಆ ಲೆನ್ಸನ್ನು ಕಡಿಮೆ ಬೆಲೆಗೆ ಧೈರ್ಯದಿಂದ ತೆಗೆದುಕೊಳ್ಳಬಹುದು. ಯಾವ ದೋಷ ತನ್ನ ಕೆಲಸಕ್ಕೆ ಅಡ್ಡಿ, ಯಾವುದು ಬೇರೆಯವರ ಕೆಲಸಕ್ಕೆ ಮಾತ್ರ ಅಡ್ಡಿ ಎಂದು ಬೇರ್ಪಡಿಸುವ ಈ ವಿವೇಕವನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ.

ಇಲ್ಲಿ ನಮ್ಮ ಜಿಲ್ಲೆಯ ಹವೆಯ ಬಗ್ಗೆ ಹೇಳಲೇಬೇಕು. ವಿಜಯಪುರ ಜಿಲ್ಲೆಯ ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಫಂಗಸ್ಸಿಗೆ ಬೇಕಾದದ್ದು ತೇವ, ಕತ್ತಲು, ನಿಂತ ಗಾಳಿ. ಹಾಗಾಗಿ ಕರಾವಳಿಯಲ್ಲೋ ಮಲೆನಾಡಿನಲ್ಲೋ ಇಪ್ಪತ್ತು ವರ್ಷ ಬೀರುವಿನಲ್ಲಿದ್ದ ಲೆನ್ಸಿಗಿಂತ ಬಯಲುಸೀಮೆಯಲ್ಲಿ ಅಷ್ಟೇ ಕಾಲ ಇದ್ದ ಲೆನ್ಸು ಫಂಗಸ್ಸಿನಿಂದ ಪಾರಾಗಿರುವ ಸಂಭವ ಹೆಚ್ಚು. ನಮ್ಮ ಕಡೆಯ ಶತ್ರು ಧೂಳು ಮತ್ತು ಬಿಸಿಲು. ಫೋಕಸ್ ಉಂಗುರ ತಿರುಗಿಸಿದರೆ ಕರಕರ ಎನ್ನುವುದು ಧೂಳಿನ ಗುರುತು, ಎಣ್ಣೆ ಇಳಿದ ಎಲೆಗಳು ಬಿಸಿಯ ಗುರುತು. ಒಂದು ಎಚ್ಚರ ಮಾತ್ರ ಬೇಕು. ಚರ್ಮದ ಚೀಲದಲ್ಲಿಟ್ಟ ಲೆನ್ಸಿಗೆ ಒಣ ಸೀಮೆಯಲ್ಲೂ ಫಂಗಸ್ ಬರುತ್ತದೆ, ಏಕೆಂದರೆ ಚರ್ಮ ಮಳೆಗಾಲದ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಚೆಂದದ ಚರ್ಮದ ಕೇಸಿನಲ್ಲಿರುವ ಲೆನ್ಸನ್ನು ಬರಿಮೈಯಲ್ಲಿರುವ ಲೆನ್ಸಿಗಿಂತ ಹೆಚ್ಚು ಅನುಮಾನದಿಂದ ನೋಡಬೇಕು.

ಲೆನ್ಸು ಕೊಳ್ಳದೆಯೇ ಮ್ಯಾಕ್ರೋ ಮಾಡುವ ಎರಡು ದಾರಿಗಳನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಕಿಟ್ ಲೆನ್ಸನ್ನೇ ಹಿಂದುಮುಂದಾಗಿ ಕೂಡಿಸುವ ರಿವರ್ಸ್ ಉಂಗುರ ಕೆಲವು ನೂರು ರೂಪಾಯಿಯದು. ಲೆನ್ಸು ಎಷ್ಟು ಅಗಲ ನೋಟದ್ದೋ ತಿರುಗಿಸಿದಾಗ ಅಷ್ಟು ಹೆಚ್ಚು ಹಿಗ್ಗಿಸುತ್ತದೆ. 28ರ ಹಳೆಯ ಲೆನ್ಸು ಸುಮಾರು ಎರಡು ಪಟ್ಟಿಗೆ ಮುಟ್ಟುತ್ತದೆ. ನಿಕಾನಿನ ಈಚಿನ ಲೆನ್ಸುಗಳಲ್ಲಿ ಅಪರ್ಚರ್ ಉಂಗುರವಿಲ್ಲ. ಕ್ಯಾಮೆರಾದಿಂದ ಬಿಚ್ಚಿದ ಕೂಡಲೇ ಎಲೆಗಳು ಮುಚ್ಚಿಕೊಳ್ಳುತ್ತವೆ, ಹಿಂದಿನ ಸಣ್ಣ ಲಿವರಿಗೆ ಮಡಚಿದ ರಟ್ಟಿನ ಚೂರು ಸಿಗಿಸಿ ತೆರೆದಿಡಬೇಕು. ಕ್ಯಾನನ್ನಿನಲ್ಲಿ ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದೇ ಲೆನ್ಸು ಬಿಚ್ಚಿದರೆ ಇಟ್ಟ ಅಪರ್ಚರ್ ಹಾಗೇ ನಿಲ್ಲುತ್ತದೆ. ಎರಡನೆಯ ದಾರಿ ಜಪಾನಿನ ರೇನಾಕ್ಸ್ ಕಂಪನಿಯ ಡಿಸಿಆರ್-250. ಇದು ಉದ್ದ ಜೂಮ್ ಲೆನ್ಸಿನ ಮುಂದೆ ಕ್ಲಿಪ್ಪಿನಂತೆ ಕೂರುವ ಗಾಜು. ಅದರ ಫೋಕಲ್ ಉದ್ದ 125 ಮಿಲಿಮೀಟರ್. ಜೂಮನ್ನು 200ಕ್ಕೆ ಇಟ್ಟರೆ 200 ಭಾಗಿಸು 125, ಎಂದರೆ 1.6 ಪಟ್ಟು. 55–200 ಜೂಮ್‌ಗಳು ಹಳೆಯದರಲ್ಲಿ ಧಾರಾಳವಾಗಿ ಸಿಗುವುದರಿಂದ ಇದು ಅತಿ ಕಡಿಮೆ ತಲೆನೋವಿನ ಜೋಡಿ.

ಯಾವ ಜೋಡಿ ಎಷ್ಟು ಹಿಗ್ಗಿಸುತ್ತದೆ ಎಂದು ಮಾರುವವರ ಬಾಯಿಮಾತು ನಂಬಬೇಕಿಲ್ಲ. ಶಾಲೆ ಹುಡುಗರ ಕಂಪಾಸ್ ಪೆಟ್ಟಿಗೆಯ ಸ್ಕೇಲಿನ ಫೋಟೋ ತೆಗೆಯಿರಿ. ಅಗಲದಲ್ಲಿ ಎಷ್ಟು ಮಿಲಿಮೀಟರ್ ಕಾಣುತ್ತದೋ ಅದರಿಂದ ಸೆನ್ಸರಿನ ಅಗಲವನ್ನು ಭಾಗಿಸಿದರೆ ಉತ್ತರ ಸಿಕ್ಕಿತು. ಮೂಲೆಗಳು ಸರಿಯಿವೆಯೇ ಎಂದು ತಿಳಿಯಲು ದಿನಪತ್ರಿಕೆಯ ಸಣ್ಣಕ್ಷರದ ಪುಟವನ್ನು ಸಪಾಟಾಗಿ ಹಾಸಿ ಎಫ್8ರಲ್ಲಿ ತೆಗೆಯಬೇಕು. ಮೂರು ಮೂಲೆ ಸ್ಪಷ್ಟವಾಗಿದ್ದು ನಾಲ್ಕನೆಯದು ಮಂಕಾಗಿ, ಕಾಗದ ತಿರುಗಿಸಿದರೂ ಅದೇ ಮೂಲೆ ಮಂಕಾಗುತ್ತಿದ್ದರೆ ಲೆನ್ಸು ಎಂದೋ ಬಿದ್ದು ಒಳಗಿನ ಗಾಜು ಕದಲಿದೆ. ಇನ್ನು ಹೆಚ್ಚು ಹಿಗ್ಗಿಸುವಾಗ ಅಪರ್ಚರನ್ನು ಕಿರಿದು ಮಾಡುತ್ತ ಹೋದರೆ ಒಳ್ಳೆಯದೆಂಬ ಭ್ರಮೆ ಇದೆ. ಒಂದು ಪಟ್ಟಿನಲ್ಲಿ ಎಫ್8 ಎಂಬುದು ವಾಸ್ತವದಲ್ಲಿ ಎಫ್16 ಆಗುತ್ತದೆ, ನಾಲ್ಕು ಪಟ್ಟಿನಲ್ಲಿ ಎಫ್40. ಅಷ್ಟು ಕಿರಿದಾದ ಕಂಡಿಯಲ್ಲಿ ಬೆಳಕೇ ಚೆದುರಿ ಚಿತ್ರ ಮಂಕಾಗುತ್ತದೆ. ಲೆನ್ಸು ಕೆಟ್ಟದೆಂದು ಮಾರಿದ ಎಷ್ಟೋ ಒಳ್ಳೆಯ ಗಾಜುಗಳು ಈ ಒಂದು ತಪ್ಪು ತಿಳಿವಳಿಕೆಗೆ ಬಲಿಯಾದವು.

ಕ್ಯಾಮೆರಾ ಸಿಗುವುದು ಈಗ ಸುಲಭ. ಮದುವೆ ಫೋಟೋ ತೆಗೆಯುವವರು ಮಿರರ್‌ಲೆಸ್ಸಿಗೆ ಹೋದ ಮೇಲೆ ಅವರ ಡಿಎಸ್‌ಎಲ್‌ಆರ್‌ಗಳು ಕೈಬದಲಾಗುತ್ತಿವೆ. ಕ್ಯಾನನ್ ಕ್ಯಾಮೆರಾದ ಮೌಂಟಿನಿಂದ ಸೆನ್ಸರಿನವರೆಗಿನ ದೂರ 44 ಮಿಲಿಮೀಟರ್, ನಿಕಾನಿನದು 46.5. ಎಂ42 ಲೆನ್ಸಿಗೆ ಬೇಕಾದದ್ದು 45.46. ಹಾಗಾಗಿ ಕ್ಯಾನನ್ ಮೇಲೆ ಆ ಹಳೆಯ ಲೆನ್ಸು ದೂರವನ್ನೂ ತೋರಿಸುತ್ತದೆ, ನಿಕಾನ್ ಮೇಲೆ ತೋರಿಸುವುದಿಲ್ಲ. ಮ್ಯಾಕ್ರೋಕ್ಕೆ ಎರಡೂ ಸರಿಯೇ. ಕ್ಯಾನನ್ನಿನ 550ಡಿ, 600ಡಿ, ನಿಕಾನಿನ ಡಿ90, ಡಿ7000ದಂಥ ಮಾದರಿಗಳು ಈ ಕೆಲಸಕ್ಕೆ ಸಾಕು. ನಿಕಾನಿನ ಎಐ ಎಂಬ ಹಳೆಯ ಲೆನ್ಸುಗಳಿಗೆ ಡಿ7000 ಬೆಳಕು ಅಳೆದುಕೊಡುತ್ತದೆ, ಡಿ3000 ಸಾಲಿನವು ಅಳೆಯುವುದಿಲ್ಲ. ಷಟರ್ ಎಷ್ಟು ಸಲ ಬಡಿದಿದೆ ಎಂಬ ಎಣಿಕೆಯನ್ನು ಕೇಳಿ ಪಡೆಯಬೇಕು. ಮದುವೆ ಸೀಸನ್ನುಗಳಲ್ಲಿ ದುಡಿದ ಕ್ಯಾಮೆರಾದ ಎಣಿಕೆ ಲಕ್ಷ ದಾಟಿರುವುದು ಸಹಜ.

ಫ್ಲ್ಯಾಶಿನ ವಿಷಯ ಮಾತ್ರ ನಿಧಾನಿಸಿ ಹೇಳಬೇಕಾದದ್ದು. ಸ್ಟುಡಿಯೋ ಟ್ರಂಕಿನಲ್ಲಿ ಹಳೆಯ ಫ್ಲ್ಯಾಶುಗಳೂ ಸಿಗುತ್ತವೆ, ಕೆಲವು ಪುಕ್ಕಟೆಯಾಗಿಯೇ. ಅವುಗಳಲ್ಲಿ ಕೆಲವಕ್ಕೆ ಕಿಡಿ ಹಾರಿಸುವ ಸಂಪರ್ಕದಲ್ಲೇ ಇನ್ನೂರು ವೋಲ್ಟಿಗೂ ಮೀರಿದ ಒತ್ತಡ ಇರುತ್ತದೆ. ಲೋಹದ ಸ್ವಿಚ್ಚಿದ್ದ ಕಾಲದ ಕ್ಯಾಮೆರಾಗಳಿಗೆ ಅದು ಲೆಕ್ಕಕ್ಕಿರಲಿಲ್ಲ, ಡಿಜಿಟಲ್ ಕ್ಯಾಮೆರಾದ ಒಳಗಿನ ಚಿಪ್ಪನ್ನು ಅದು ಸುಡಬಲ್ಲದು. ಫ್ಲ್ಯಾಶನ್ನು ಪೂರ್ತಿ ಚಾರ್ಜ್ ಮಾಡಿ, ಕೆಳಗಿನ ನಡುವಿನ ಬಿಂದುವಿಗೂ ಬದಿಯ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ಅಳೆಯಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯವರು ಒಂದು ನಿಮಿಷದಲ್ಲಿ ಅಳೆದುಕೊಡುತ್ತಾರೆ. ಕೆಲವು ವೋಲ್ಟು ಮಾತ್ರ ಬಂದರೆ ನಿಶ್ಚಿಂತೆ. ನೂರಾರು ಬಂದರೆ ಅದನ್ನು ಕ್ಯಾಮೆರಾದ ಮೇಲೆ ಕೂರಿಸಲೇಬಾರದು. ಬಲ್ಲವರು ಈ ಒಂದರಲ್ಲಿ ಜಿಪುಣತನ ಬಿಟ್ಟು, ಕೈಯಿಂದ ಶಕ್ತಿ ಹೊಂದಿಸುವ ಹೊಸ ಕಾಲದ ಸಾದಾ ಫ್ಲ್ಯಾಶು ಕೊಳ್ಳುತ್ತಾರೆ. ಅದರ ಬೆಳಕನ್ನು ಮೆತ್ತಗೆ ಮಾಡಲು ಟಿವಿ, ಫ್ರಿಜ್ಜಿನ ಡಬ್ಬಿಯೊಳಗೆ ಬರುವ ತೆಳ್ಳನೆಯ ಬಿಳಿ ಫೋಮ್ ಹಾಳೆಯನ್ನು ಬಾಗಿಸಿ ಲೆನ್ಸಿನ ಮುಂದೆ ಕಟ್ಟುತ್ತಾರೆ. ಮಿರಗದ ಮಳೆ ಬಿದ್ದಾಗ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ಲಿನ ಹುಳುವನ್ನು ಬರೀ ಫ್ಲ್ಯಾಶಿನಲ್ಲಿ ತೆಗೆದರೆ ಕೆಂಪು ಮುದ್ದೆ ಕಾಣುತ್ತದೆ, ಫೋಮಿನ ಮೂಲಕ ತೆಗೆದರೆ ಅದರ ಒಂದೊಂದು ರೋಮವೂ ಕಾಣುತ್ತದೆ.

ಸ್ಥಳೀಯ ಟ್ರಂಕುಗಳಲ್ಲಿ ಸಿಗದಿದ್ದರೆ ಊರು ಬಿಡಬೇಕು. ಬೆಂಗಳೂರು ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ಸೊಲ್ಲಾಪುರ, ಪುಣೆಯ ದಾರಿ ಅದಕ್ಕಿಂತ ಹತ್ತಿರ. ಇಂಡಿ ರೋಡಿನಲ್ಲಿ ರೈಲು ಹತ್ತಿದರೆ ಸೊಲ್ಲಾಪುರ, ಅಲ್ಲಿ ಕನ್ನಡದಲ್ಲೇ ವ್ಯವಹಾರ ಮಾಡುವವರೂ ಸಿಗುತ್ತಾರೆ. ಹೈದರಾಬಾದಿನ ಕೋಟಿ, ಮುಂಬಯಿಯ ಬೋರಾ ಬಜಾರು ಕ್ಯಾಮೆರಾ ಅಂಗಡಿಗಳಿಗೆ ಹೆಸರಾದ ಜಾಗಗಳು. ಮೊಬೈಲಿನಲ್ಲಿ ನೋಡಿ ಕೊಳ್ಳುವುದಾದರೆ ಟಾರ್ಚ್ ಹಾಯಿಸಿದ ವಿಡಿಯೋ ಕಳಿಸಿ ಎಂದು ಕೇಳುವುದು ಕಡ್ಡಾಯ. ಅದನ್ನು ಕಳಿಸಲು ಹಿಂಜರಿಯುವವರ ಲೆನ್ಸನ್ನು ಬಿಟ್ಟುಬಿಡಬೇಕು. ಜಪಾನಿನಿಂದ ತರಿಸಿದರೆ ಸುಂಕ ಸೇರಿ ಅಗ್ಗ ಎನ್ನುವ ಮಾತೇ ಉಳಿಯುವುದಿಲ್ಲ. 1979ರ ಟ್ಯಾಮ್ರಾನ್ 90 ಎಫ್2.5ರಂಥ ಲೆನ್ಸುಗಳಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಆ ಕಾಯುವಿಕೆಗೆ ಅರ್ಥವಿದೆ, 55ಕ್ಕಿಂತ 90ರ ಲೆನ್ಸು ಹುಳುವಿನಿಂದ ಹೆಚ್ಚು ದೂರದಲ್ಲಿ ನಿಲ್ಲಲು ಬಿಡುತ್ತದೆ, ಚಿಟ್ಟೆ ಹಾರಿಹೋಗುವುದಿಲ್ಲ.

ಹೀಗೆ ತೆಗೆದ ಫೋಟೋಗಳಿಗೆ ನೋಡುಗರೂ ಇದ್ದಾರೆ. ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿಗೋ ಮಂಕಾದ ಮೊಬೈಲ್ ಫೋಟೋ ಕಳಿಸುವುದಕ್ಕೂ, ರೆಕ್ಕೆಯ ಚುಕ್ಕೆ ಎಣಿಸುವಷ್ಟು ಸ್ಪಷ್ಟ ಫೋಟೋ ಕಳಿಸುವುದಕ್ಕೂ ವ್ಯತ್ಯಾಸ ದೊಡ್ಡದು. ಹುಳುವಿನ ಗುರುತು ಸಿಕ್ಕರೆ ಔಷಧಿಯ ಅನಗತ್ಯ ಸಿಂಪಡಣೆ ತಪ್ಪುತ್ತದೆ, ಮಿತ್ರ ಕೀಟಗಳು ಬದುಕುತ್ತವೆ. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ 2006ರಲ್ಲಿ ಭಾರತದ ಪರ್ಯಾಯ ದ್ವೀಪದ ಇರುವೆಗಳ ಬಗ್ಗೆ ತಂದ ಕೈಪಿಡಿಯಂಥದ್ದು ನಮ್ಮ ಲಿಂಬೆ ತೋಟದ ಜೀವಿಗಳಿಗೂ ಬರಲಿ ಎಂಬ ಆಸೆ ನನಗಿದೆ.

ಒಂದು ಪಟ್ಟಿಗೆ ತೃಪ್ತಿಯಾಗದವರ ಮುಂದಿನ ಬೇಟೆ ಕಾಲೇಜು ಪ್ರಯೋಗಾಲಯಗಳ ಹರಾಜು. ಹಳೆಯ ವಿದ್ಯಾರ್ಥಿ ಮೈಕ್ರೋಸ್ಕೋಪಿನ ನಾಲ್ಕು ಪಟ್ಟಿನ ಆಬ್ಜೆಕ್ಟಿವ್ ಮೇಲೆ 160 ಎಂದು ಕೆತ್ತಿದ್ದರೆ ಅದನ್ನು ಬೇರೆ ಯಾವ ಗಾಜಿನ ನೆರವೂ ಇಲ್ಲದೆ ಕ್ಯಾಮೆರಾಕ್ಕೆ ಕೂಡಿಸಬಹುದು. ಅದರ ಭುಜದಿಂದ ಸೆನ್ಸರಿಗೆ 150 ಮಿಲಿಮೀಟರ್ ಇರಬೇಕು. ನಿಕಾನಿನೊಳಗೇ 46.5 ಇರುವುದರಿಂದ ಹೊರಗೆ 103.5ರಷ್ಟು ಕೊಳವೆ ಸಾಕು, ಕ್ಯಾನನ್ನಿಗೆ 106. ಹರಾಜಿಗೆ ಬಂದ ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೆ ಬಿಡುವವರಿದ್ದಾರೆ, ಅವರು ಅರ್ಧ ಸಂಪತ್ತನ್ನು ಕಳೆದುಕೊಂಡಂತೆ. ಮೈಕ್ರೋಸ್ಕೋಪಿನ ಸಣ್ಣ ತಿರುಪು ಕೂದಲಿಗಿಂತ ತೆಳುವಾದ ಹೆಜ್ಜೆಗಳಲ್ಲಿ ಮೇಲೆ ಕೆಳಗೆ ಚಲಿಸುತ್ತದೆ. ಸತ್ತು ಬಿದ್ದ ಲಿಂಬೆ ಚಿಟ್ಟೆಯ ರೆಕ್ಕೆಯನ್ನು ಅದರ ಮೇಲಿಟ್ಟು, ಒಂದೊಂದು ಹೆಜ್ಜೆಗೆ ಒಂದೊಂದು ಫೋಟೋ ತೆಗೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದರೆ ರೆಕ್ಕೆಯ ಹಳದಿ, ಕಪ್ಪು ಹುರುಪೆಗಳು ಮನೆಯ ಹೆಂಚಿನ ಸಾಲಿನಂತೆ ಬಿಡಿಬಿಡಿಯಾಗಿ ಮೂಡುತ್ತವೆ. ಮೈಕ್ರೋಸ್ಕೋಪ್ ಕೊಳ್ಳುವಾಗ ನೋಡಬೇಕಾದದ್ದು ಎರಡು: ಆಬ್ಜೆಕ್ಟಿವಿನ ತುದಿಯ ಗಾಜಿಗೆ ಎಣ್ಣೆ ಒಣಗಿ ಅಂಟಿರಬಾರದು, ಸಣ್ಣ ತಿರುಪಿನಲ್ಲಿ ಸಡಿಲ ಇರಬಾರದು.